ಸುತ್ತಿನ ಹೆಸರು ಲೆಕ್ಕ ಹೇಳಬೇಕು

ಚಾಲೆಂಜರ್, ಕಂಟೆಂಡರ್, ಎಲಿಮಿನೇಟರ್. ಈ ಮೂರರಲ್ಲಿ ಮೊದಲು ಬರುವುದು ಯಾವುದು? ಅಮೆರಿಕದ ಸ್ಟಾಕ್ ಕಾರ್ ರೇಸಿಂಗ್ ಅಭಿಮಾನಿಗಳು 2014 ಮತ್ತು 2015ರ ಎರಡು ಋತುಗಳಲ್ಲಿ ಈ ಪ್ರಶ್ನೆಯ ಮುಂದೆ ತಡವರಿಸುತ್ತಲೇ ಇದ್ದರು. ಯಾವ ಚಾಲಕನದು ಯಾವ ನಂಬರಿನ ಕಾರು, ಯಾರಿಗೆ ಯಾರು ಕ್ರೂ ಚೀಫ್, ಯಾವ ಟ್ರ್ಯಾಕ್‌ನಲ್ಲಿ ಟೈರು ಬೇಗ ಸವೆಯುತ್ತದೆ ಎಂಬುದನ್ನೆಲ್ಲ ನಿದ್ದೆಗಣ್ಣಲ್ಲೂ ಹೇಳಬಲ್ಲ ಜನ ಇವರು. ಅಂಥವರಿಗೂ ಪ್ಲೇಆಫ್‌ನ ಮೊದಲ ಸುತ್ತು ಚಾಲೆಂಜರೋ ಕಂಟೆಂಡರೋ ಎಂದರೆ ಒಂದು ಗಳಿಗೆ ಯೋಚಿಸಬೇಕಾಗುತ್ತಿತ್ತು. 2016ರ ಋತುವಿಗೆ ನ್ಯಾಸ್ಕಾರ್ ಸಂಸ್ಥೆ ಆ ಹೆಸರುಗಳನ್ನು ಕೈಬಿಟ್ಟಿತು. ಅವುಗಳ ಜಾಗಕ್ಕೆ ರೌಂಡ್ ಆಫ್ 16, ರೌಂಡ್ ಆಫ್ 12, ರೌಂಡ್ ಆಫ್ 8 ಬಂದವು. ಕೊನೆಯ ರೇಸಿನ ಪೈಪೋಟಿಗೆ ಚಾಂಪಿಯನ್‌ಶಿಪ್ 4 ಎಂಬ ಹೆಸರಾಯಿತು.

ಬದಲಾದದ್ದು ನಾಲ್ಕು ಹೆಸರು ಮಾತ್ರ. ಆ ಸುತ್ತುಗಳ ಒಂದು ನಿಯಮವೂ ಕದಲಲಿಲ್ಲ, ಒಂದು ರೇಸೂ ಹೆಚ್ಚುಕಡಿಮೆಯಾಗಲಿಲ್ಲ. ಆದರೂ ಅಭಿಮಾನಿಗಳು ಇದನ್ನು ಸುಮ್ಮನೆ ಓದಿ ಬಿಡಲಿಲ್ಲ. ಕೆಲವರು ನೆಮ್ಮದಿಯ ನಿಟ್ಟುಸಿರು ಬಿಟ್ಟರು, ಕೆಲವರು ಸಪ್ಪೆಯಾಯಿತು ಎಂದರು, ಇನ್ನೂ ಕೆಲವರು ಸಿಟ್ಟಾದರು. ಆ ಸಿಟ್ಟು ಹೆಸರಿನ ಮೇಲಿನದಲ್ಲ ಎಂಬುದು ಅವರ ಮಾತು ಕೇಳಿದರೆ ಗೊತ್ತಾಗುತ್ತಿತ್ತು. ದುಡ್ಡು ಕೊಟ್ಟು, ನೂರಾರು ಮೈಲಿ ದೂರದಿಂದ ಬಂದು ಕೂರುವ ಪ್ರೇಕ್ಷಕನಿಗೆ ಆಟ ಎಲ್ಲಿಗೆ ಬಂದಿದೆ ಎಂಬುದು ಸಲೀಸಾಗಿ ತಿಳಿಯಬೇಕು. ಈ ಹೆಸರಿನ ಪ್ರಸಂಗವನ್ನು ನಾನು ಆ ದೃಷ್ಟಿಯಿಂದಲೇ ನೋಡುತ್ತೇನೆ.

ಸ್ಟಾಕ್ ಕಾರ್ ರೇಸ್ ನಮ್ಮಲ್ಲಿ ಫಾರ್ಮುಲಾ ಒನ್‌ನಷ್ಟು ಪರಿಚಿತವಲ್ಲ. ನಮ್ಮ ದೇಶದ ನರೇನ್ ಕಾರ್ತಿಕೇಯನ್ 2010ರಲ್ಲಿ ನ್ಯಾಸ್ಕಾರ್‌ನ ಟ್ರಕ್ ಸರಣಿಯಲ್ಲಿ ಓಡಿಸಿದಾಗ ಒಂದಿಷ್ಟು ಸುದ್ದಿಯಾಗಿತ್ತು, ಅಷ್ಟೇ. ಶೋರೂಮಿನಲ್ಲಿ ಸಿಗುವ ಮಾಮೂಲಿ ಕಾರುಗಳನ್ನೇ ಸಜ್ಜುಗೊಳಿಸಿ ಓಡಿಸುವುದರಿಂದ ಶುರುವಾದ ಆಟ ಇದು. ಅದಕ್ಕೇ ಸ್ಟಾಕ್ ಕಾರ್ ಎಂಬ ಹೆಸರು. ಅಮೆರಿಕದ ದಕ್ಷಿಣದ ಬೆಟ್ಟಸೀಮೆಯಲ್ಲಿ ಕಳ್ಳಭಟ್ಟಿ ಸಾಗಿಸುತ್ತ ಪೊಲೀಸರ ಕಣ್ಣು ತಪ್ಪಿಸಿ ಓಡಿಸುವುದನ್ನು ಕಲಿತವರು ಇದರ ಮೊದಲ ತಲೆಮಾರಿನಲ್ಲಿದ್ದರು. ಬಿಲ್ ಫ್ರಾನ್ಸ್ ಎಂಬಾತ 1948ರಲ್ಲಿ ಫ್ಲಾರಿಡಾದ ಡೇಟೋನಾ ಬೀಚ್‌ನಲ್ಲಿ ಇದಕ್ಕೆಲ್ಲ ನ್ಯಾಸ್ಕಾರ್ ಎಂಬ ಸಂಸ್ಥೆ ಕಟ್ಟಿದ. ಇಂದಿಗೂ ಅದು ಆ ಕುಟುಂಬದ ಕೈಯಲ್ಲೇ ಇದೆ. ಫೆಬ್ರುವರಿಯ ಡೇಟೋನಾ 500ರಿಂದ ನವೆಂಬರ್‌ವರೆಗೆ, ಹೆಚ್ಚುಕಮ್ಮಿ ಪ್ರತಿ ವಾರಾಂತ್ಯ ಒಂದರಂತೆ, 36 ರೇಸ್. ಹೆಚ್ಚಿನ ಟ್ರ್ಯಾಕ್‌ಗಳು ಮೊಟ್ಟೆಯಾಕಾರದವು. ಕಾರುಗಳು ಎಡಕ್ಕೆ ತಿರುಗುತ್ತ, ಒಂದನ್ನೊಂದು ಉಜ್ಜುತ್ತ ಓಡುತ್ತವೆ.

ಚಾಂಪಿಯನ್ ಯಾರೆಂದು ಹೇಳುವ ಲೆಕ್ಕ ಮೊದಲು ಇಷ್ಟು ಗೋಜಲಾಗಿರಲಿಲ್ಲ. ಪ್ರತಿ ರೇಸಿನಲ್ಲೂ ಪಾಯಿಂಟ್ ಸಿಗುತ್ತದೆ, ವರ್ಷದ ಕೊನೆಗೆ ಕೂಡಿಸುತ್ತಾರೆ, ಯಾರದು ಹೆಚ್ಚೋ ಅವರು ಗೆದ್ದರು. 1975ರಲ್ಲಿ ಬಂದ ಪಾಯಿಂಟ್ ಪದ್ಧತಿ 2003ರವರೆಗೆ ನಡೆಯಿತು. ಆ ಪದ್ಧತಿ ಎಲ್ಲ ರೇಸ್‌ಗಳಲ್ಲೂ ಮುಂದಿನ ಸಾಲಿನಲ್ಲೇ ಮುಗಿಸುವವನನ್ನು ಮೆಚ್ಚುತ್ತಿತ್ತು. 2003ರಲ್ಲಿ ಮ್ಯಾಟ್ ಕೆನ್ಸೆತ್ ಇಡೀ ವರ್ಷ ಗೆದ್ದದ್ದು ಒಂದೇ ರೇಸ್, ಆದರೂ ಚಾಂಪಿಯನ್ ಆದ. ಅದೇ ವರ್ಷ 8 ರೇಸ್ ಗೆದ್ದ ರಯಾನ್ ನ್ಯೂಮನ್ 6ನೇ ಸ್ಥಾನದಲ್ಲಿ ಉಳಿದ. ಟೀವಿಯವರಿಗೂ ಪ್ರಾಯೋಜಕರಿಗೂ ಇದು ಹಿಡಿಸಲಿಲ್ಲ. ಅಕ್ಟೋಬರ್ ಬರುವ ಹೊತ್ತಿಗೆ ಅಮೆರಿಕನ್ ಫುಟ್‌ಬಾಲ್ ಕಾವೇರಿರುತ್ತದೆ, ಆಗ ರೇಸಿನಲ್ಲಿ ಚಾಂಪಿಯನ್ ಯಾರೆಂಬುದು ಮೊದಲೇ ತೀರ್ಮಾನವಾಗಿಬಿಟ್ಟರೆ ನೋಡುವವರು ಯಾರು ಎಂಬುದು ಅವರ ಚಿಂತೆ.

2004ರಲ್ಲಿ ಚೇಸ್ ಬಂತು. ಮೊದಲ 26 ರೇಸ್ ಆದಮೇಲೆ ಮುಂಚೂಣಿಯ ಹತ್ತು ಚಾಲಕರನ್ನು ಬೇರೆ ಮಾಡಿ, ಅವರ ಪಾಯಿಂಟ್‌ಗಳನ್ನು ಹತ್ತಿರ ಹತ್ತಿರಕ್ಕೆ ತಂದು, ಉಳಿದ 10 ರೇಸ್‌ಗಳಲ್ಲಿ ಅವರಲ್ಲೇ ಚಾಂಪಿಯನ್‌ನನ್ನು ಆರಿಸುವ ಕ್ರಮ. ಆ ವರ್ಷ ಕರ್ಟ್ ಬುಷ್ ಕೇವಲ 8 ಪಾಯಿಂಟ್ ಅಂತರದಲ್ಲಿ ಗೆದ್ದ. ನಾಟಕೀಯತೆ ಬೇಕೆಂದವರಿಗೆ ಸಿಕ್ಕಿತು. ಹಳೆಯ ಲೆಕ್ಕವೇ ಇದ್ದಿದ್ದರೆ 2004 ಮತ್ತು 2007 ಎರಡೂ ಜೆಫ್ ಗಾರ್ಡನ್ ಪಾಲಾಗುತ್ತಿದ್ದವು ಎಂದು ಅವನ ಅಭಿಮಾನಿಗಳು ಇವತ್ತಿಗೂ ಲೆಕ್ಕ ಬಿಡಿಸಿ ತೋರಿಸುತ್ತಾರೆ. ಆಮೇಲೆ ಹತ್ತು ಮಂದಿ ಹನ್ನೆರಡಾದರು, ವೈಲ್ಡ್ ಕಾರ್ಡ್ ಬಂತು, ಪಾಯಿಂಟ್ ಕೋಷ್ಟಕ ಬದಲಾಯಿತು. 2013ರ ಸೆಪ್ಟೆಂಬರ್‌ನಲ್ಲಿ ರಿಚ್ಮಂಡ್ ರೇಸಿನ ಕೊನೆಯಲ್ಲಿ ತಂಡವೊಂದು ತನ್ನವನನ್ನು ಚೇಸ್‌ಗೆ ಸೇರಿಸಲು ಫಲಿತಾಂಶವನ್ನೇ ತಿರುಚಿತೆಂಬ ಗದ್ದಲವೆದ್ದು, ನ್ಯಾಸ್ಕಾರ್ ದಂಡ ಹಾಕಿ, ಒಬ್ಬನನ್ನು ತೆಗೆದು ಇನ್ನಿಬ್ಬರನ್ನು ಸೇರಿಸಿ, ಹನ್ನೆರಡರ ಚೇಸ್ ಹದಿಮೂರರದ್ದಾಯಿತು. ಹತ್ತು ವರ್ಷದಲ್ಲಿ ಅಭಿಮಾನಿಗಳು ಮತ್ತೆ ಮತ್ತೆ ಹೊಸ ನಿಯಮ ಕಲಿತಿದ್ದರು. ಅದರ ನಡುವೆ ನ್ಯಾಸ್ಕಾರ್‌ನ ಮುಖ್ಯ ಸರಣಿಯ ಹೆಸರೇ ವಿನ್‌ಸ್ಟನ್ ಕಪ್‌ನಿಂದ ನೆಕ್ಸ್‌ಟೆಲ್ ಕಪ್ ಆಗಿ, ಅಲ್ಲಿಂದ ಸ್ಪ್ರಿಂಟ್ ಕಪ್ ಆಗಿತ್ತು. ಹೆಸರು ಬದಲಿಸಿಕೊಂಡು ಸಾಕಾಗಿದ್ದ ಜನರ ಮುಂದೆ 2014 ಬಂತು.

ಆ ವರ್ಷದ ಜನವರಿಯಲ್ಲಿ ಪ್ರಕಟವಾದ ಹೊಸ ಕ್ರಮ ಹಿಂದಿನದೆಲ್ಲಕ್ಕಿಂತ ದೊಡ್ಡದು. ಚೇಸ್‌ಗೆ 16 ಚಾಲಕರು. ಮೊದಲ 26 ರೇಸ್‌ಗಳಲ್ಲಿ ಒಂದು ಗೆದ್ದರೆ ಪ್ರವೇಶ ಬಹುಮಟ್ಟಿಗೆ ಖಚಿತ. ಆಮೇಲೆ ಮೂರು ಮೂರು ರೇಸ್‌ಗಳ ಮೂರು ಸುತ್ತು. ಪ್ರತಿ ಸುತ್ತಿನ ಕೊನೆಗೆ ನಾಲ್ವರು ಹೊರಕ್ಕೆ. ಸುತ್ತಿನಲ್ಲಿ ಒಂದು ರೇಸ್ ಗೆದ್ದವನು ನೇರ ಮುಂದಕ್ಕೆ. ಪ್ರತಿ ಸುತ್ತು ಶುರುವಾಗುವಾಗ ಉಳಿದವರ ಪಾಯಿಂಟ್‌ಗಳನ್ನು ಮತ್ತೆ ಸಮ ಮಾಡುತ್ತಿದ್ದರು. ಮೊದಲ ಸುತ್ತಿಗೆ 2000 ಆಧಾರ, ಆಮೇಲೆ 3000, ಆಮೇಲೆ 4000. ಕೊನೆಗೆ ಉಳಿದ ನಾಲ್ವರಿಗೆ ತಲಾ 5000. ಮಯಾಮಿ ಹತ್ತಿರದ ಹೋಮ್‌ಸ್ಟೆಡ್ ಟ್ರ್ಯಾಕ್‌ನಲ್ಲಿ ಒಂದೇ ರೇಸ್, ಆ ನಾಲ್ವರಲ್ಲಿ ಮುಂದೆ ಬಂದವನೇ ಚಾಂಪಿಯನ್. ಷಿಕಾಗೋಲ್ಯಾಂಡ್, ನ್ಯೂ ಹ್ಯಾಂಪ್‌ಷೈರ್, ಡೋವರ್ ಸೇರಿದ ಮೊದಲ ಸುತ್ತು ಚಾಲೆಂಜರ್. ಕ್ಯಾನ್ಸಸ್, ಷಾರ್ಲಟ್, ಟಲಡೇಗಾದ ಎರಡನೆಯದು ಕಂಟೆಂಡರ್. ಮಾರ್ಟಿನ್ಸ್‌ವಿಲ್, ಟೆಕ್ಸಸ್, ಫೀನಿಕ್ಸ್‌ನ ಮೂರನೆಯದು ಎಲಿಮಿನೇಟರ್.

ಈ ಹೆಸರುಗಳು ತಲೆಯಲ್ಲಿ ಯಾಕೆ ನಿಲ್ಲಲಿಲ್ಲ ಎಂಬುದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಚಾಲೆಂಜರ್, ಕಂಟೆಂಡರ್ ಎರಡೂ ಬಾಕ್ಸಿಂಗ್ ಕಣದಿಂದ ಬಂದ ಮಾತು. ಅಲ್ಲಿ ಕಂಟೆಂಡರ್ ಎಂದರೆ ಪಟ್ಟಕ್ಕೆ ಲಾಯಕ್ಕಾದ ಹಲವರಲ್ಲಿ ಒಬ್ಬ, ಅವರಲ್ಲಿ ಚಾಂಪಿಯನ್ ಎದುರು ನಿಲ್ಲುವ ಅವಕಾಶ ಸಿಕ್ಕವನು ಚಾಲೆಂಜರ್. ಆ ಕ್ರಮದಲ್ಲಿ ಕಂಟೆಂಡರ್ ಮೊದಲು ಬರಬೇಕು, ಚಾಲೆಂಜರ್ ಆಮೇಲೆ. ನ್ಯಾಸ್ಕಾರ್ ಅದನ್ನು ತಿರುಗುಮುರುಗು ಮಾಡಿತ್ತು. ಇನ್ನು ಎಲಿಮಿನೇಟರ್. ಚಾಲಕರು ಹೊರಬೀಳುತ್ತಿದ್ದುದು ಮೂರೂ ಸುತ್ತಿನಲ್ಲಿ, ಅದೂ ಪ್ರತಿ ಬಾರಿ ಸರಿಯಾಗಿ ನಾಲ್ವರು. ಹಾಗಿರುವಾಗ ಮೂರನೆಯದಕ್ಕೆ ಮಾತ್ರ ಆ ಹೆಸರು ಕೊಟ್ಟರೆ ಉಳಿದೆರಡರಲ್ಲಿ ಏನು ನಡೆಯುತ್ತದೆ ಎಂದು ಹೊಸಬ ಕೇಳಿಯೇ ಕೇಳುತ್ತಾನೆ. ನಮ್ಮ ಐಪಿಎಲ್‌ನಲ್ಲಿ ಎಲಿಮಿನೇಟರ್ ಎಂದರೆ ಬೆಂಗಳೂರಿನ ಆಟೋ ಚಾಲಕನಿಗೂ ಗೊತ್ತು, ಸೋತವರು ಅವತ್ತೇ ಮನೆಗೆ. ಮೊದಲ ಕ್ವಾಲಿಫೈಯರ್‌ನಲ್ಲಿ ಸೋತರೆ ಇನ್ನೊಂದು ಅವಕಾಶವಿದೆ, ಎಲಿಮಿನೇಟರ್‌ನಲ್ಲಿ ಇಲ್ಲ. ಎರಡು ಪಂದ್ಯಗಳ ನಡುವಿನ ವ್ಯತ್ಯಾಸವನ್ನು ಆ ಹೆಸರು ತಾನೇ ಹೇಳುತ್ತದೆ. 2024ರಲ್ಲಿ ಅಹಮದಾಬಾದ್‌ನಲ್ಲಿ ಎಲಿಮಿನೇಟರ್ ಸೋತಾಗ ಆರ್‌ಸಿಬಿ ಅಭಿಮಾನಿಗೆ ಯಾರೂ ಏನನ್ನೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನ್ಯಾಸ್ಕಾರ್‌ನ ಎಲಿಮಿನೇಟರ್‌ಗೆ ಆ ಗುಣ ಇರಲಿಲ್ಲ.

2014ರ ನವೆಂಬರ್ 9ರ ಫೀನಿಕ್ಸ್ ರೇಸನ್ನು ನೋಡಿ. ಆರಿಜೋನಾದ ಮರುಭೂಮಿಯ ನಡುವೆ ಒಂದು ಮೈಲಿಯ ಟ್ರ್ಯಾಕ್. ಮೂರನೇ ಸುತ್ತಿನ ಕೊನೆಯ ರೇಸ್, ಎಂಟು ಮಂದಿ ನಾಲ್ವರಾಗುವ ದಿನ. ಹಿಂದಿನ ವಾರ ಟೆಕ್ಸಸ್‌ನಲ್ಲಿ ಟೈರು ಹೋಗಿ ಹಿಂದೆ ಬಿದ್ದಿದ್ದ 24ನೇ ನಂಬರಿನ ಗಾರ್ಡನ್ ಇಲ್ಲಿ ಎರಡನೆಯವನಾಗಿ ಓಡುತ್ತಿದ್ದ. ಅವನಿಗಿಂತ ಬಹಳ ಹಿಂದೆ, 12ನೇ ಸ್ಥಾನದಲ್ಲಿ, 31ನೇ ನಂಬರಿನ ನ್ಯೂಮನ್. ಇಡೀ ವರ್ಷ ಒಂದು ರೇಸೂ ಗೆಲ್ಲದ ನ್ಯೂಮನ್‌ಗೆ ಇನ್ನೊಂದು ಸ್ಥಾನ ಬೇಕಿತ್ತು. ಆಗಿನ ಪದ್ಧತಿಯಲ್ಲಿ ಒಂದು ಸ್ಥಾನಕ್ಕೆ ಒಂದು ಪಾಯಿಂಟ್. ಗ್ಯಾಲರಿಯಲ್ಲಿ ಕೂತವರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಸ್ಕ್ಯಾನರ್ ರೇಡಿಯೋದಲ್ಲಿ ಚಾಲಕರೂ, ಮೇಲಿನಿಂದ ನೋಡಿ ಅವರಿಗೆ ದಾರಿ ಹೇಳುವ ಸ್ಪಾಟರ್‌ಗಳೂ ಆಡಿಕೊಳ್ಳುವ ಮಾತನ್ನು ನೇರವಾಗಿ ಕೇಳಬಹುದು, ಈ ಆಟದ ಸೊಗಸಿನಲ್ಲಿ ಅದೂ ಒಂದು. ಕೊನೆಯ ಲ್ಯಾಪ್, ಕೊನೆಯ ತಿರುವುಗಳು. ನ್ಯೂಮನ್ ಒಳಗಡೆಯಿಂದ ನುಗ್ಗಿ, 42ನೇ ನಂಬರಿನ ಹೊಸ ಹುಡುಗ ಕೈಲ್ ಲಾರ್ಸನ್‌ನನ್ನು ಮೇಲಕ್ಕೆ ತಳ್ಳಿ ಗೋಡೆಗೆ ಒತ್ತಿ, 11ನೆಯವನಾಗಿ ಗೆರೆ ದಾಟಿದ. ಒಂದೇ ಪಾಯಿಂಟ್‌ನಲ್ಲಿ 31 ಒಳಗೆ, 24 ಹೊರಗೆ. ಮುಂದಿನ ವಾರ ಹೋಮ್‌ಸ್ಟೆಡ್‌ನಲ್ಲಿ ಅದೇ ನ್ಯೂಮನ್ ಎರಡನೆಯವನಾಗಿ ಮುಗಿಸಿದ. ಕೆವಿನ್ ಹಾರ್ವಿಕ್ ಗೆಲ್ಲದೇ ಹೋಗಿದ್ದರೆ ಒಂದೂ ರೇಸ್ ಗೆಲ್ಲದ ಚಾಂಪಿಯನ್‌ನನ್ನು ಆ ವರ್ಷ ನೋಡಬೇಕಾಗಿತ್ತು.

ಆ ಕೊನೆಯ ಲ್ಯಾಪ್‌ನಲ್ಲಿ ಪ್ರೇಕ್ಷಕನಿಗೆ ಬೇಕಾದದ್ದು ಇಷ್ಟೇ: ಈಗ ಎಷ್ಟು ಮಂದಿ ಇದ್ದಾರೆ, ಎಷ್ಟು ಮಂದಿ ಉಳಿಯುತ್ತಾರೆ, ಗೆರೆ ಎಲ್ಲಿದೆ. ಟೀವಿ ಪರದೆಯ ಬದಿಯಲ್ಲಿ ಕ್ಷಣಕ್ಷಣಕ್ಕೂ ಬದಲಾಗುವ ಪಾಯಿಂಟ್ ಪಟ್ಟಿಯಲ್ಲಿ ನಾಲ್ಕನೇ ಹೆಸರಿನ ಕೆಳಗೆ ಒಂದು ಗೆರೆ ಎಳೆದಿರುತ್ತಿದ್ದರು. ಅಭಿಮಾನಿಗಳ ಕಣ್ಣೆಲ್ಲ ಆ ಗೆರೆಯ ಮೇಲೆ. ಸುತ್ತಿನ ಹೆಸರು ಎಲಿಮಿನೇಟರ್ ಎಂದು ತಿಳಿದಿದ್ದರಿಂದ ಇದರಲ್ಲಿ ಯಾವುದೂ ತಿಳಿಯುವುದಿಲ್ಲ. ರೌಂಡ್ ಆಫ್ 8 ಎಂದರೆ ಅರ್ಧ ಕಥೆ ಗೊತ್ತಾಯಿತು. ಎಂಟು ಮಂದಿ ಬಂದರು, ಮುಂದಿನದು ಚಾಂಪಿಯನ್‌ಶಿಪ್ 4, ಅಂದರೆ ನಾಲ್ವರು ಹೋಗುತ್ತಾರೆ. ನಮ್ಮ ಪತ್ರಿಕೆಗಳ ಕ್ರೀಡಾಪುಟ ಟೆನಿಸ್, ಫುಟ್‌ಬಾಲ್ ವರದಿಯಲ್ಲಿ 16ರ ಘಟ್ಟ ಎಂದು ಬರೆಯುವಾಗ ಓದುಗ ಅದನ್ನೇ ಗ್ರಹಿಸುತ್ತಾನೆ.

ಅಲ್ಲದೆ ಇದು ಮೊದಲಿನಿಂದಲೂ ನಂಬರುಗಳ ಆಟ. ಇಲ್ಲಿ ಕಾರಿನ ಬಾಗಿಲ ಮೇಲೆ ಬರೆದ ನಂಬರು ಚಾಲಕನ ಮುಖಕ್ಕಿಂತ ಹೆಚ್ಚು ಪರಿಚಿತ. 43 ಎಂದರೆ 200 ರೇಸ್ ಗೆದ್ದ ರಿಚರ್ಡ್ ಪೆಟ್ಟಿ, ಆ ತಿಳಿನೀಲಿ ಬಣ್ಣ. 3 ಎಂದರೆ ಡೇಲ್ ಅರ್ನ್‌ಹಾರ್ಟ್. 2001ರ ಫೆಬ್ರುವರಿ 18ರಂದು ಡೇಟೋನಾ 500ರ ಕೊನೆಯ ಲ್ಯಾಪ್‌ನಲ್ಲಿ ಅರ್ನ್‌ಹಾರ್ಟ್ ತೀರಿಕೊಂಡ ಮೇಲೆ, ಆ ವರ್ಷದ ರೇಸ್‌ಗಳಲ್ಲಿ ಮೂರನೇ ಲ್ಯಾಪ್ ಬಂದಾಗ ಇಡೀ ಗ್ಯಾಲರಿ ಎದ್ದು ನಿಂತು ಮೂರು ಬೆರಳು ಎತ್ತುತ್ತಿತ್ತು, ವೀಕ್ಷಕ ವಿವರಣೆಗಾರರು ಆ ಲ್ಯಾಪ್ ಮುಗಿಯುವವರೆಗೆ ಮಾತಾಡುತ್ತಿರಲಿಲ್ಲ. ಕಪ್ ಸರಣಿಯಲ್ಲಿ ಆ ನಂಬರು ಮತ್ತೆ ಟ್ರ್ಯಾಕ್‌ಗೆ ಬಂದದ್ದು 2014ರಲ್ಲಿ, ತಂಡದ ಮಾಲೀಕರ ಮೊಮ್ಮಗ ಆಸ್ಟಿನ್ ಡಿಲನ್ ಕೈಯಲ್ಲಿ. ಡೇಟೋನಾದಲ್ಲಿ ಡಿಲನ್ ಅದನ್ನು ಮೊದಲ ಸ್ಥಾನದಿಂದ ಹೊರಡಿಸಿದಾಗ ಕಣ್ಣೀರು ಹಾಕಿದವರೂ ಇದ್ದರು, ತೆಗೆಯಬಾರದಿತ್ತು ಎಂದವರೂ ಇದ್ದರು. ಒಂದು ಅಂಕಿಗೆ ಇಷ್ಟು ಭಾವ ತುಂಬಬಲ್ಲ ಜನರಿಗೆ ಅಂಕಿ ಒಣಕಲು ಎಂದು ಹೇಳುವುದು ಸರಿಯಲ್ಲ. ಹೊಸ ಹೆಸರುಗಳು ಸಪ್ಪೆ ಎಂದು ಬೇಸರಪಟ್ಟ ಅಭಿಮಾನಿಗಳ ಮಾತನ್ನು ನಾನು ಗೌರವದಿಂದಲೇ ಕೇಳಿದರೂ ಒಪ್ಪದಿರುವುದು ಈ ಕಾರಣಕ್ಕೆ.

ಆದರೆ ಅವರ ಬೇಸರದಲ್ಲಿ ಒಂದು ನ್ಯಾಯವಿದೆ. ಹೆಸರಿನಲ್ಲಿ ಲೆಕ್ಕವೂ ಇರಲಿ, ಕಿವಿಗೆ ಇಂಪೂ ಇರಲಿ ಎಂದರೆ ಅದೇನು ಆಗದ ಮಾತಲ್ಲ. ನ್ಯಾಸ್ಕಾರ್ ತಂಡಗಳ ಗ್ಯಾರೇಜುಗಳಲ್ಲಿ ಹೆಚ್ಚಿನವು ಇರುವುದು ನಾರ್ತ್ ಕ್ಯಾರೊಲೈನಾದ ಷಾರ್ಲಟ್ ಸುತ್ತಮುತ್ತ.  ಅದೇ ರಾಜ್ಯದಲ್ಲಿ ರೇಸಿನಷ್ಟೇ ಹುಚ್ಚು ಹಿಡಿಸಿದ ಇನ್ನೊಂದು ಆಟ ಕಾಲೇಜು ಬ್ಯಾಸ್ಕೆಟ್‌ಬಾಲ್. ಪ್ರತಿ ಮಾರ್ಚ್ ತಿಂಗಳಲ್ಲಿ ನಡೆಯುವ ಆ ಟೂರ್ನಿಯಲ್ಲಿ 16 ತಂಡ ಉಳಿದರೆ ಸ್ವೀಟ್ ಸಿಕ್ಸ್‌ಟೀನ್, ಎಂಟು ಉಳಿದರೆ ಎಲೀಟ್ ಎಯ್ಟ್, ನಾಲ್ಕು ಉಳಿದರೆ ಫೈನಲ್ ಫೋರ್. ಪ್ರಾಸವೂ ಇದೆ, ಅಂಕಿಯೂ ಇದೆ. ಮಕ್ಕಳು ಕೂಡ ಕ್ರಮ ತಪ್ಪದೆ ಹೇಳುತ್ತಾರೆ. ಫೈನಲ್ ಫೋರ್ ಮಾತ್ರ ಕಾಲೇಜು ಕ್ರೀಡಾ ಸಂಸ್ಥೆಯ ನೋಂದಾಯಿತ ಟ್ರೇಡ್‌ಮಾರ್ಕ್, ನ್ಯಾಸ್ಕಾರ್ ಅದನ್ನೇ ಎತ್ತಿಕೊಳ್ಳುವಂತಿರಲಿಲ್ಲ. ಆ ಟೂರ್ನಿಯವರೂ ಒಮ್ಮೆ ಎಡವಿದ್ದರು. 2011ರಲ್ಲಿ ನಾಲ್ಕು ಆರಂಭಿಕ ಪಂದ್ಯಗಳಿಗೆ ಮೊದಲ ಸುತ್ತು ಎಂದು ಹೆಸರಿಟ್ಟು, 64 ತಂಡಗಳು ಆಡುವ ನಿಜವಾದ ಆರಂಭವನ್ನು ಎರಡನೇ ಸುತ್ತು ಎಂದು ಕರೆದರು. ಬಹುತೇಕ ತಂಡಗಳು ತಮ್ಮ ಮೊದಲ ಪಂದ್ಯವನ್ನೇ ಎರಡನೇ ಸುತ್ತಿನಲ್ಲಿ ಆಡಬೇಕಾಗಿತ್ತು! ಜನರ ಬಾಯಲ್ಲಿ ಅದು ನೆಲೆಯೂರಲಿಲ್ಲ. ಐದು ಟೂರ್ನಿ ಕಳೆದು 2016ರಲ್ಲಿ ಹಳೆಯ ಲೆಕ್ಕಕ್ಕೇ ಮರಳಿದರು. ನ್ಯಾಸ್ಕಾರ್ ತನ್ನ ಹೆಸರುಗಳನ್ನು ಸರಳ ಮಾಡಿದ್ದೂ ಅದೇ ವರ್ಷ. ಎರಡೂ ಕಡೆ ತಿದ್ದುಪಡಿಗೆ ದಾರಿ ತೋರಿಸಿದ್ದು ಪ್ರೇಕ್ಷಕರ ನಾಲಿಗೆಯೇ. ಹೇಳಲು ಬಾರದ ಹೆಸರನ್ನು ಜನ ಹೇಳುವುದಿಲ್ಲ.

ಹೊಸ ಹೆಸರುಗಳಿಗೆ ಸಂತೋಷಪಟ್ಟ ಅಭಿಮಾನಿಗಳೂ ಇದ್ದರು. ಎರಡು ವರ್ಷದಿಂದ ನಾವು ಸುತ್ತುಗಳನ್ನು ಅಂಕಿಯಿಂದಲೇ ಕರೆಯುತ್ತಿದ್ದೆವಲ್ಲ ಎಂಬುದು ಅವರ ಮಾತಿನ ತಾತ್ಪರ್ಯ. ನಿಜವಾಗಿಯೂ ಗೆಳೆಯರ ನಡುವೆ ಮಾತಾಡುವಾಗ ಮೊದಲ ಸುತ್ತು, ಎರಡನೇ ಸುತ್ತು ಎಂದೇ ಜನ ಹೇಳಿಕೊಳ್ಳುತ್ತಿದ್ದರು. ಇನ್ನು ಕೆಲವರು, ಕೊನೆಯದಕ್ಕೆ ಚಾಂಪಿಯನ್‌ಶಿಪ್ 4 ಎನ್ನುವ ಬದಲು ಫೈನಲ್ ಎಂದರೆ ಆಗುತ್ತಿರಲಿಲ್ಲವೇ ಎಂದರು. ಅದಕ್ಕೆ ನನ್ನ ಸಮ್ಮತಿ ಇಲ್ಲ. ಕೊನೆಯ ರೇಸಿನಲ್ಲಿ ಓಡುತ್ತಿದ್ದವರು ನಾಲ್ವರೇ ಅಲ್ಲವಾದ್ದರಿಂದ, ಪಟ್ಟಕ್ಕೆ ಹಕ್ಕಿರುವವರು ನಾಲ್ವರು ಎಂದು ಹೆಸರಿನಲ್ಲೇ ತಿಳಿಸಿದ್ದು ಒಳ್ಳೆಯದೇ ಆಗಿತ್ತು.

ಇಲ್ಲೇ ಒಂದು ಗಟ್ಟಿಯಾದ ಆಕ್ಷೇಪ ಎದ್ದಿತು, ಅದಕ್ಕೆ ಉತ್ತರ ಸುಲಭವಲ್ಲ. ಟೆನಿಸ್‌ನಲ್ಲಿ 16ರ ಘಟ್ಟ ಎಂದರೆ ಅಂಗಣದಲ್ಲಿ ಉಳಿದಿರುವವರೇ 16 ಮಂದಿ, ಸೋತವರು ಊರಿಗೆ ಹೋಗಿರುತ್ತಾರೆ. ನ್ಯಾಸ್ಕಾರ್‌ನಲ್ಲಿ ಯಾರೂ ಊರಿಗೆ ಹೋಗುವುದಿಲ್ಲ. 2016ರಲ್ಲೇ ತಂಡಗಳಿಗೆ ರೇಸಿನಲ್ಲಿ ಜಾಗ ಖಾತ್ರಿ ಮಾಡುವ ಚಾರ್ಟರ್ ಪದ್ಧತಿ ಬಂದು, 43 ಕಾರುಗಳ ಸಾಲು 40ಕ್ಕೆ ಇಳಿಯಿತು. ರೌಂಡ್ ಆಫ್ 16 ಎಂದಾಗಲೂ ಟ್ರ್ಯಾಕ್ ಮೇಲೆ 40 ಕಾರು. ಉಳಿದ 24 ಮಂದಿ ಅದೇ ರೇಸ್ ಓಡುತ್ತಿದ್ದರು, ಗೆಲ್ಲಲೂಬಹುದಿತ್ತು, ಪಟ್ಟದ ಪೈಪೋಟಿಯವನಿಗೆ ಅಡ್ಡ ಬರಲೂಬಹುದಿತ್ತು. ಮೆಚ್ಚಿನ ಚಾಲಕ ಆ 24ರಲ್ಲಿ ಇದ್ದರೆ ಅಭಿಮಾನಿಗೆ ಈ ಹೆಸರು ಚುಚ್ಚುತ್ತಿತ್ತು. ಈ ರೇಸಿನ ಲೆಕ್ಕದಲ್ಲಿ ನಿನ್ನವನು ಇಲ್ಲ ಎಂದು ಅದು ಪ್ರತಿ ವಾರ ಹೇಳುತ್ತಿತ್ತು. ಹಳೆಯ ಹೆಸರುಗಳಿಗೂ ಇದೇ ದೋಷವಿತ್ತು, ಆದರೆ ಅಂಕಿ ಅದನ್ನು ಬಟಾಬಯಲು ಮಾಡಿತು. ನನಗೆ ಇದು ಹೊಸ ಹೆಸರಿನ ಕೊರತೆ ಎನಿಸುವುದಿಲ್ಲ. ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್‌ನಿಂದ ಎರವಲು ತಂದ ಪ್ಲೇಆಫ್ ಎಂಬ ಏರ್ಪಾಡು ಎಲ್ಲರೂ ಒಟ್ಟಿಗೆ ಓಡುವ ಆಟಕ್ಕೆ ಸರಿಯಾಗಿ ಕೂರುವುದಿಲ್ಲ ಎಂಬ ಸತ್ಯವನ್ನು ಸರಳ ಹೆಸರು ಮುಚ್ಚಿಡಲಿಲ್ಲ, ಅಷ್ಟೇ.

2016ರಲ್ಲೇ ಎರಡನೇ ಹಂತದ ಎಕ್ಸ್‌ಫಿನಿಟಿ ಸರಣಿಗೂ ಟ್ರಕ್ ಸರಣಿಗೂ ಚೇಸ್ ವಿಸ್ತರಿಸಿತು. ಎಕ್ಸ್‌ಫಿನಿಟಿಯಲ್ಲಿ 12 ಮಂದಿ, ಆಮೇಲೆ 8, ಆಮೇಲೆ 4. ಟ್ರಕ್‌ಗಳಲ್ಲಿ 8, 6, 4. ಮೂರು ಸರಣಿ, ಮೂರು ಲೆಕ್ಕ. ಚಾಲೆಂಜರ್, ಕಂಟೆಂಡರ್ ಎಂಬುದನ್ನು ಈ ಮೂರಕ್ಕೂ ಹಂಚಲು ಹೊರಟಿದ್ದರೆ ಗೊಂದಲ ಮೂರು ಪಟ್ಟಾಗುತ್ತಿತ್ತು. ಅಂಕಿಯಿಂದಲೂ ಎಲ್ಲ ಬಗೆಹರಿಯಿತು ಎನ್ನುವಂತಿಲ್ಲ. ರೌಂಡ್ ಆಫ್ 8 ಎಂಬುದು ಟ್ರಕ್‌ಗಳಿಗೆ ಮೊದಲ ಸುತ್ತು, ಎಕ್ಸ್‌ಫಿನಿಟಿಗೆ ಎರಡನೆಯದು, ಕಪ್ ಸರಣಿಗೆ ಮೂರನೆಯದಾಗಿತ್ತು. ಒಂದೇ ವಾರಾಂತ್ಯದಲ್ಲಿ ಮೂರೂ ನೋಡುವವರಿಗೆ ಎಷ್ಟನೇ ಸುತ್ತು ಎಂಬುದು ಹೆಸರಿನಿಂದ ತಿಳಿಯುತ್ತಿರಲಿಲ್ಲ. ಆದರೆ ಎಷ್ಟನೇ ಸುತ್ತು ಎಂಬುದಕ್ಕಿಂತ ಎಷ್ಟು ಮಂದಿ ಉಳಿದರು ಎಂಬುದೇ ಅವರಿಗೆ ಮುಖ್ಯವಾಗಿತ್ತು. ಅದಂತೂ ಮೂರೂ ಕಡೆ ಒಂದೇ ಅರ್ಥ ಕೊಡುತ್ತಿತ್ತು.

ಸಿಟ್ಟಾದವರ ವಿಷಯ ಬಾಕಿ ಉಳಿಯಿತು. ಹೆಸರು ಬದಲಿಸಿ ಏನು ಪ್ರಯೋಜನ, ಬದಲಿಸಬೇಕಾದದ್ದು ಪದ್ಧತಿಯನ್ನು ಎಂದರು ಅವರು. ಅವರ ಕಣ್ಣ ಮುಂದೆ 2015 ಹಸಿಯಾಗಿತ್ತು. ಆ ವರ್ಷ ಜೋಯಿ ಲೊಗಾನೊ ಎರಡನೇ ಸುತ್ತಿನ ಮೂರಕ್ಕೆ ಮೂರೂ ರೇಸ್ ಗೆದ್ದ. ಮೂರನೇ ಸುತ್ತು ಶುರುವಾದಾಗ ಎಲ್ಲರ ಪಾಯಿಂಟ್ ಮತ್ತೆ 4000. ಮಾರ್ಟಿನ್ಸ್‌ವಿಲ್‌ನಲ್ಲಿ ಲೊಗಾನೊ ಮುನ್ನಡೆಯಲ್ಲಿದ್ದಾಗ, ಕ್ಯಾನ್ಸಸ್‌ನಲ್ಲಿ ತನ್ನನ್ನು ತಿರುಗಿಸಿ ಬೀಳಿಸಿದ ಸೇಡಿಗೆ, ಲ್ಯಾಪ್‌ಗಟ್ಟಲೆ ಹಿಂದಿದ್ದ ಕೆನ್ಸೆತ್ ಅವನನ್ನು ಗೋಡೆಗೆ ಗುದ್ದಿದ. ಕೆನ್ಸೆತ್‌ಗೆ ಎರಡು ರೇಸ್ ನಿಷೇಧವಾಯಿತು. ಲೊಗಾನೊ ಫೀನಿಕ್ಸ್‌ನಲ್ಲಿ ಹೊರಬಿದ್ದ. ಚಾಂಪಿಯನ್ ಆದದ್ದು ಕಾಲು ಮುರಿದು 11 ರೇಸ್ ತಪ್ಪಿಸಿಕೊಂಡಿದ್ದ ಕೈಲ್ ಬುಷ್. ಆ ಚೇತರಿಕೆ ಮೆಚ್ಚುವಂಥದ್ದೇ. ಆದರೆ ಹಿಂದಿನ ವಾರಗಳ ಗೆಲುವು ಮುಂದಿನ ಸುತ್ತಿಗೆ ಬರುವ ಹೊತ್ತಿಗೆ ಸೊನ್ನೆಯಾಗುವ ಕ್ರಮವನ್ನು ಒಪ್ಪಿಕೊಳ್ಳಲು ಬಹಳ ಜನಕ್ಕೆ ಆಗಲೇ ಇಲ್ಲ. 2017ರಲ್ಲಿ ಚೇಸ್ ಎಂಬ ಹೆಸರೂ ಹೋಗಿ ಬರಿಯ ಪ್ಲೇಆಫ್ ಎಂದಾಯಿತು. ಗೆಲುವುಗಳಿಗೆ ಕೊಟ್ಟ ಹೆಚ್ಚುವರಿ ಪಾಯಿಂಟ್ ಸುತ್ತಿನಿಂದ ಸುತ್ತಿಗೆ ಜೊತೆಗೆ ಬರುವಂತೆ ತಿದ್ದಿದರು. ಅದು ಒಳ್ಳೆಯ ತಿದ್ದುಪಡಿ, ಆದರೆ ಸಾಲಲಿಲ್ಲ. 2020ರಲ್ಲಿ ಹಾರ್ವಿಕ್ 9 ರೇಸ್ ಗೆದ್ದೂ ರೌಂಡ್ ಆಫ್ 8ರಲ್ಲೇ ಉಳಿದ. 2024ರಲ್ಲಿ ರೌಂಡ್ ಆಫ್ 12ರಲ್ಲಿ ಸೋತು ಹೊರಬಿದ್ದಿದ್ದ ಲೊಗಾನೊ, ಅಲೆಕ್ಸ್ ಬೋಮನ್‌ನ ಕಾರು ತೂಕದಲ್ಲಿ ಕಡಿಮೆ ಬಂದು ಅನರ್ಹವಾದ್ದರಿಂದ ಮತ್ತೆ ಒಳಬಂದು, ಕೊನೆಗೆ ಚಾಂಪಿಯನ್ ಆದ. ಆ ಇಡೀ ವರ್ಷ ಲೊಗಾನೊನ ಸರಾಸರಿ ಸ್ಥಾನ 17.1. ಲೊಗಾನೊ ಮಾಡಿದ್ದರಲ್ಲಿ ತಪ್ಪೇನೂ ಇಲ್ಲ, ಇದ್ದ ನಿಯಮದಲ್ಲಿ ಗೆದ್ದ. ಆದರೆ ಅಭಿಮಾನಿಗಳ ತಾಳ್ಮೆ ಅಲ್ಲಿಗೆ ಮುಗಿದಿತ್ತು.

2025ರ ನವೆಂಬರ್ 2ರಂದು, ಆ ಹೊತ್ತಿಗೆ ಕೊನೆಯ ರೇಸ್ ನಡೆಯುತ್ತಿದ್ದ ಫೀನಿಕ್ಸ್‌ನಲ್ಲಿ, ಚಾಂಪಿಯನ್‌ಶಿಪ್ 4ರಲ್ಲಿದ್ದ ಡೆನಿ ಹ್ಯಾಮ್ಲಿನ್ 208 ಲ್ಯಾಪ್ ಮುನ್ನಡೆದ. ಎರಡು ದಶಕದಿಂದ ಕಾದ ಮೊದಲ ಪಟ್ಟ ಇನ್ನು ಮೂರು ಲ್ಯಾಪ್ ದೂರವಿದ್ದಾಗ ಬೇರೊಬ್ಬನ ಟೈರು ಹೋಗಿ ಹಳದಿ ಬಾವುಟ ಬಿತ್ತು. ಪಿಟ್‌ನಲ್ಲಿ ಹ್ಯಾಮ್ಲಿನ್ ನಾಲ್ಕು ಟೈರು ಹಾಕಿಸಿದ, ಲಾರ್ಸನ್ ಎರಡೇ ಹಾಕಿಸಿ ಮುಂದೆ ಬಂದ. ಹೆಚ್ಚುವರಿ ಲ್ಯಾಪ್‌ಗಳಲ್ಲಿ ಹ್ಯಾಮ್ಲಿನ್‌ಗೆ ಮತ್ತೆ ಮುಂದೆ ಬರಲು ಆಗಲಿಲ್ಲ. ಆ ದಿನ ಒಂದು ಲ್ಯಾಪ್ ಕೂಡ ಮುನ್ನಡೆಯದ ಲಾರ್ಸನ್ ಚಾಂಪಿಯನ್. ರೇಸ್ ಗೆದ್ದದ್ದು ನಾಲ್ವರಲ್ಲಿ ಇಲ್ಲದೇ ಇದ್ದ ರಯಾನ್ ಬ್ಲೇನಿ. ಸರಳ ಹೆಸರನ್ನು ಕೇಳಿದ ಅಭಿಮಾನಿಗಳು ಹತ್ತು ವರ್ಷದ ಹಿಂದೆಯೇ ಎತ್ತಿದ್ದ ಎರಡೂ ಆಕ್ಷೇಪಗಳು, ಟ್ರ್ಯಾಕ್ ಮೇಲಿನ ಉಳಿದವರದ್ದೂ, ಒಂದು ದಿನದ ಮೇಲೆ ಇಡೀ ವರ್ಷವನ್ನು ತೂಗುವುದರದ್ದೂ, ಆ ಒಂದೇ ರೇಸಿನಲ್ಲಿ ಎದುರಾದವು.

2026ರ ಜನವರಿಯಲ್ಲಿ ನ್ಯಾಸ್ಕಾರ್ ಸುತ್ತುಗಳನ್ನೇ ತೆಗೆದುಹಾಕಿತು. ಚೇಸ್ ಎಂಬ ಹಳೆಯ ಹೆಸರು ಮರಳಿತು. ಪಾಯಿಂಟ್ ಆಧಾರದ ಮೇಲೆ 16 ಮಂದಿ, ಉಳಿದ 10 ರೇಸ್, ನಡುವೆ ಯಾರನ್ನೂ ಹೊರಹಾಕುವುದಿಲ್ಲ, ಕೊನೆಗೆ ಹೆಚ್ಚು ಪಾಯಿಂಟ್ ಇದ್ದವನು ಚಾಂಪಿಯನ್. ಗೆಲುವಿಗೆ 40 ಇದ್ದದ್ದು 55 ಪಾಯಿಂಟ್ ಆಯಿತು. ರೌಂಡ್ ಆಫ್ 12 ಎಂಬ ಮಾತನ್ನು ಇನ್ನು ಕಪ್ ಸರಣಿಯಲ್ಲಿ ಹೇಳುವ ಅಗತ್ಯವೇ ಇಲ್ಲ. ಅಭಿಮಾನಿಗಳಲ್ಲಿ ಅನೇಕರು ಇದನ್ನು ಸ್ವಾಗತಿಸಿದರು, ನನಗೂ ಇದು ಸರಿಯಾದ ದಿಕ್ಕು ಎನಿಸುತ್ತದೆ. ಮಾರ್ಕ್ ಮಾರ್ಟಿನ್‌ನಂಥ ಹಿರಿಯ ಚಾಲಕರು ಮಾತ್ರ 36 ರೇಸ್‌ಗಳ ಒಟ್ಟು ಪಾಯಿಂಟೇ ಚಾಂಪಿಯನ್‌ನನ್ನು ಹೇಳಬೇಕು, 26 ಆದಮೇಲೆ ಅಳಿಸಿ ಬರೆಯುವುದೂ ಬೇಡ ಎನ್ನುತ್ತ ಬಂದವರು. ಗ್ಯಾಲರಿಯಲ್ಲಿ ಅವರ ಕಡೆಯವರು ಕಡಿಮೆಯೇನಿಲ್ಲ.